ಬಾಳೆಕೋಣೆಯಲ್ಲಿ ಹಾಡಿದ ಜಪಾನಿನ ಹಾಡು

ಜಪಾನಿನವರು ಒಪ್ಪಿಕೊಂಡರು. ಮೊದಲು ಇದನ್ನ ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ. ನನ್ನ ಮೊಮ್ಮಗಳೂ ಅವಳ ಮೂರು ಜನ ಗೆಳತಿಯರೂ ಕನ್ನಡದಲ್ಲಿ ಹಾಡಿ ಕಳಿಸಿದ ಹಾಡನ್ನ ಅದನ್ನ ಮೊದಲು ಜಪಾನಿಯಲ್ಲಿ ಹಾಡಿದ ಅಲ್ಲಿಯ ನಾಲ್ಕು ಹೆಣ್ಣುಮಕ್ಕಳು ಕೂತು ಕೇಳಿ, ಇವರೇ ಹಾಡಲಿ ಅಂದಿದ್ದಾರೆ. ಮಕ್ಕಳ ಕಾರ್ಟೂನು ಶುರುವಾಗೋಕೆ ಮುಂಚೆ ಟಿವೀಲಿ ಒಂದು ಹಾಡು ಬರುತ್ತಲ್ಲ, ಆ ಹಾಡು. ಇನ್ನು ಮೇಲೆ ದಿನಾ ಸಂಜೆ ಬರುತ್ತೆ. ಕನ್ನಡ ಕಾರ್ಟೂನು ನೋಡೋ ಮಕ್ಕಳು ಯಾರ ಮನೇಲಿದ್ದಾರೋ ಅವರ ಮನೇಲೆಲ್ಲ ನಮ್ಮ ಹುಡುಗಿ ಗಂಟಲು ಕೇಳುತ್ತೆ.

ಸುದ್ದಿ ಬಂದಿದ್ದು ಗುರುವಾರ ಬೆಳಗ್ಗೆ. ಮಧ್ಯಾಹ್ನದೊಳಗೆ ನಂಜನಗೂಡಿನ ಬಜಾರಿನಲ್ಲಿ ನಾನು ಹೇಳದೆ ಬಿಟ್ಟೋರು ಅಂದ್ರೆ ತೊಟ್ಟಿಲಲ್ಲಿ ಮಲಗಿರೋ ಕೂಸುಗಳು ಮಾತ್ರ. ಹೂವಿನ ಅಂಗಡಿಯವಳಿಗೆ ಎರಡು ಸಲ ಹೇಳಿದೆ, ಮೊದಲನೇ ಸಲ ಅವಳು ಗಿರಾಕಿ ಕಡೆ ನೋಡ್ತಿದ್ದಳು. ಬ್ಯಾಂಕಿನ ಬಾಗಿಲಲ್ಲಿ ನಿಂತಿರೋ ಕಾವಲಿನವನಿಗೂ ಹೇಳಿದೆ. ಅವನು, "ಅಂಗಾರೆ ಜಪಾನಿಗೆ ಓಯ್ತಾಳಾ ಅಜ್ಜಿ?" ಅಂದ.

"ಅವಳ್ಯಾಕಪ್ಪ ಓಗ್ಬೇಕು. ಅವಳ ಹಾಡು ಓಗಿ ಬಂದದೆ" ಅಂದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕಸುಬು ಬಾಳೆಕಾಯಿ ಹಣ್ಣು ಮಾಡೋದು. ನಮ್ಮ ಯಜಮಾನರು ಹೆಮ್ಮರಗಾಲ, ತಾಂಡವಪುರದ ತೋಟಗಳಿಂದ ಗೊನೆ ಕಡಿಸಿ ಗಾಡಿಗೆ ಹಾಕ್ಕೊಂಡು ಬರ್ತಾರೆ. ಗಾಡಿ ಅವರದು, ಕೋಣೆ ನಂದು. ಬಜಾರಿನ ಹಿಂದಿನ ಬೀದೀಲಿ ಮೊಳ ದಪ್ಪದ ಮಣ್ಣಿನ ಗೋಡೆಯ ಕೋಣೆ. ಕಿಟಕಿ ಇಲ್ಲ, ಒಂದೇ ಬಾಗಿಲು. ಒಳಗೆ ಗೊನೆ ತೂಗುಹಾಕಿ, ಸುತ್ತ ಒಣಗಿದ ಬಾಳೆ ಎಲೆ ತುಂಬಿ, ಮಡಕೇಲಿ ಬೆರಣಿ ಹೊಗೆ ಇಟ್ಟು, ಬಾಗಿಲ ಸಂದಿಗೆಲ್ಲ ಕೆಮ್ಮಣ್ಣು ಮೆತ್ತಿಬಿಡಬೇಕು. ಆಮೇಲೆ ಎರಡು ದಿನ, ಹೊತ್ತು ಆಗೋ ತನಕ ದೇವರು ಬಂದು ಕರೆದರೂ ಬಾಗಿಲು ತೆಗೆಯೋ ಹಾಗಿಲ್ಲ. ತೆಗೆದರೆ ಕಾವು ಹೋಗುತ್ತೆ, ಅರ್ಧ ಹಳದಿ ಅರ್ಧ ಹಸಿರು ನಿಂತುಬಿಡುತ್ತೆ, ಆ ಹಣ್ಣು ಹಸುವಿಗೇ ಸರಿ. ಮದುವೆಯಾಗಿ ಬಂದಾಗಿಂದ ಮಾಡ್ತಾ ಇದ್ದೀನಿ. ಹೊತ್ತಿಗೆ ಮುಂಚೆ ಒಂದು ಸಲಾನೂ ತೆಗೆದವಳಲ್ಲ.

ಇನ್ನು ಜಪಾನಿನ ಆ ನಾಲ್ವರು. ಅವರು ನನಗೆ ಈಗ ನೆಂಟರ ಥರ, ಹೆಸರು ಮಾತ್ರ ನಾಲಿಗೆಗೆ ಹತ್ತಲ್ಲ. ಮೊಮ್ಮಗಳು ಕಾಲೇಜು ಮುಗಿಸಿ ಬಂದು ನನ್ನ ಜೊತೆ ಗೊನೆಗೆ ಹಗ್ಗ ಕಟ್ತಾ ಕಟ್ತಾ ಅವರ ಕತೆ ಹೇಳೋಳು. ಅವರಲ್ಲಿ ಇಬ್ಬರು ಅಕ್ಕತಂಗಿ, ಇನ್ನಿಬ್ಬರು ಅವರ ಜೊತೆ ಇಸ್ಕೂಲಿಗೆ ಹೋದೋರು. ಮೊದಮೊದಲು ರೈಲ್ವೆ ಸ್ಟೇಷನ್ನಿನ ಹೊರಗೆ ನಿಂತು ಹಾಡ್ತಿದ್ದರಂತೆ. ಜನ ರೈಲಿಗೆ ಓಡೋ ಅವಸರದಲ್ಲಿ ಯಾರೂ ನಿಲ್ಲೋರಲ್ಲ. ಒಂದಿನ ಕಾರ್ಟೂನು ಮಾಡೋ ಕಂಪನಿಯವನೊಬ್ಬ ರೈಲು ತಪ್ಪಿಸಿಕೊಂಡು, ಬೇರೆ ಕೆಲಸ ಇಲ್ಲದೆ ನಿಂತು ಕೇಳಿದ. ಅಲ್ಲಿಂದ ಅವರ ದೆಸೆ ತಿರುಗಿತು.

"ಅಂಗಾದ್ರೆ ಎಲ್ಲರಿಗೂ ಗೊತ್ತಾಗೋದ್ರು ಅನ್ನು" ಅಂದೆ ನಾನು.

"ಹಾಡು ಗೊತ್ತಾಯ್ತು ಅಜ್ಜಿ, ಇವರು ಗೊತ್ತಾಗ್ಲಿಲ್ಲ. ಊರಿನ ಮಕ್ಕಳೆಲ್ಲ ಇವರ ಹಾಡು ಹೇಳ್ಕೊಂಡು ಓಡಾಡ್ತಿದ್ರೆ ಇವರು ಅದೇ ಬೀದೀಲಿ ತರಕಾರಿ ತಗೊಂಡು ಮನೇಗ್ ಹೋಗೋರು. ಕಾರ್ಟೂನಿನಲ್ಲಿ ಮುಖ ಬರಲ್ವಲ್ಲ."

ನನಗೆ ಅದು ಬಹಳ ಹಿಡಿಸಿತು. ನನ್ನ ಹಣ್ಣೂ ಹಂಗೇ. ಯಾರ ಮನೆ ತಾಂಬೂಲದ ತಟ್ಟೇಲಿ ಕೂತಿರುತ್ತೋ, ಯಾರು ಹಣ್ಣು ಮಾಡಿದ್ದು ಅಂತ ಯಾರು ಕೇಳ್ತಾರೆ.

ಆ ಹಾಡುಗಳು ಇರೋದು ಒಂದೂವರೆ ನಿಮಿಷ. ಅಷ್ಟರಲ್ಲಿ ಹಟ್ಟೀಲಿ ಆಡ್ತಿರೋ ಮಗು ಓಡಿ ಬಂದು ಟಿವಿ ಮುಂದೆ ಕೂರಬೇಕು. ನಾನು ಒಂದು ಗೊನೆ ಕಟ್ಟೋದೂ ಅಷ್ಟೇ ಹೊತ್ತು, ಗಡಿಯಾರ ಇಟ್ಟು ನೋಡಿದ್ದೀವಿ. ನಾಲ್ಕು ಹಾಡಿಗೆ ನಾಲ್ಕು ಗೊನೆ. ಹತ್ತು ಹದಿನೈದು ಕಾರ್ಟೂನಿಗೆ ಹಾಡಿದ ಮೇಲೆ ಅವರಲ್ಲಿ ಒಬ್ಬಳಿಗೆ ಗಂಟಲಲ್ಲಿ ಗಂಟಾಯಿತು. ಡಾಕ್ಟರು ಮಾತೇ ಆಡಬೇಡ ಅಂದರು. ಬೇರೆಯೋರಾಗಿದ್ದರೆ ಇನ್ನೊಬ್ಬಳನ್ನ ಸೇರಿಸ್ಕೊಂಡು ಮುಂದೆ ಹೋಗೋರು. ಇವರು ಯಾರನ್ನೂ ಸೇರಿಸ್ಕೊಳ್ಳಲಿಲ್ಲ. ಮೂರೇ ಜನ ಹಾಡಿದರು. ಅವಳ ಸಾಲು ಬಂದಾಗ ಮೂವರೂ ಸುಮ್ಮನಾಗೋರು, ಬರೀ ವಾದ್ಯ ಬಾರಿಸೋದು, ಅವಳು ಜೊತೇಲೇ ನಿಂತು ಕೈತಟ್ಟೋಳು. ಎರಡು ವರ್ಷ ಹಿಂಗೇ ನಡೀತಂತೆ. ಆಮೇಲೆ ಗಂಟಲು ಬಂತು, ಆದರೆ ಮೊದಲಿನ ಹಾಗೆ ಸಣ್ಣಗಿಲ್ಲ, ದಪ್ಪಗೆ. ಆ ದಪ್ಪ ಗಂಟಲಿಂದಲೇ ಅವರ ಹಾಡಿಗೆ ಬೇರೆ ರುಚಿ ಬಂದು ಇನ್ನೂ ಹೆಸರಾಯಿತು ಅಂತ ಮೊಮ್ಮಗಳು ಹೇಳಿದಳು. ಈ ಕತೆ ಕೇಳಿ ಆವತ್ತು ನಾನು ಹಗ್ಗ ಎರಡು ಸುತ್ತು ಜಾಸ್ತಿ ಸುತ್ತಿಬಿಟ್ಟಿದ್ದೆ.

ಇವರನ್ನ ನೋಡಿಯೇ ನಮ್ಮ ಹುಡುಗಿಯರೂ ನಾಲ್ವರು ಸೇರಿದ್ದು. ನನ್ನ ಮೊಮ್ಮಗಳು, ಬೇಕರಿಯವರ ಹುಡುಗಿ, ಮೇಷ್ಟ್ರ ಮಗಳು, ಇನ್ನೊಬ್ಬಳು ಟಿ. ನರಸೀಪುರದವಳು. ಅವಳು ಸುತ್ತೂರು ಮೇಲೆ ಬರೋ ಬಸ್ಸು ಹಿಡಿದು ದಿನಾ ಇಲ್ಲಿ ಕಾಲೇಜಿಗೆ ಬರ್ತಾಳೆ. ಅವಳದು ದಪ್ಪ ಗಂಟಲು. ಮೊದಲ ದಿನ ಮನೆಗೆ ಬಂದು ಬಾಗಿಲಲ್ಲಿ "ಅಜ್ಜಿ ಇದ್ದೀರಾ" ಅಂದಾಗ ಯಾರೋ ಗಂಡಸರು ಬಂದರು ಅಂತ ನಾನು ಸೆರಗು ಸರಿ ಮಾಡ್ಕೊಂಡು ಎದ್ದು ನಿಂತಿದ್ದೆ. ಅವಳು ನಕ್ಕು, "ನಮ್ಮಪ್ಪನೂ ಬಾಳೆಹಣ್ಣಿನ ವ್ಯಾಪಾರನೇ ಅಜ್ಜಿ" ಅಂದಳು. ಯಾರು ಅಂತ ವಿಚಾರಿಸಿದರೆ, ನರಸೀಪುರದಲ್ಲಿ ಕರೆಂಟಿನ ಕೋಣೆ ಕಟ್ಟಿಸಿ ಹಣ್ಣು ಮಾಡ್ತಾನಲ್ಲ, ಅವನೇ. ಅವನ ಕೋಣೆಗೆ ನಾನು ಐಸ್‌ಪೆಟ್ಟಿಗೆ ಅಂತ ಹೆಸರಿಟ್ಟಿದ್ದೆ. ಮೈ ಹಳದಿ, ಒಳಗೆಲ್ಲ ಚಪ್ಪೆ ಅಂತ ಗಿರಾಕಿಗಳ ಮುಂದೆ ಎಷ್ಟು ವರ್ಷ ಆಡ್ಕೊಂಡಿದ್ದೆನೋ. ಅವನ ಮಗಳ ಎದುರಿಗೆ ನಾಲಿಗೆ ಕಚ್ಚಿಕೊಂಡೆ.

ಹುಡುಗಿಯರು ಜಪಾನಿ ಹಾಡುಗಳನ್ನ ಜಪಾನಿಯಲ್ಲೇ ಹಾಡಿ ಫೋನಿನಲ್ಲಿ ಹಾಕ್ತಿದ್ದರು. ಅದನ್ನ ಬೆಂಗಳೂರಿನ ಒಂದು ಆಫೀಸಿನವರು ನೋಡಿದರು. ಜಪಾನಿನ ಒಂದು ಹೊಸ ಕಾರ್ಟೂನನ್ನ ಅವರು ಕನ್ನಡಕ್ಕೆ ತರ್ತಾ ಇದ್ದರು. ಅದರಲ್ಲಿ ಒಬ್ಬಳು ಹುಡುಗಿ ದೊಡ್ಡ ಬಸವನಹುಳು ಮೇಲೆ ಕೂತ್ಕೊಂಡು ಟಪಾಲು ಹಂಚ್ತಾಳೆ. ಹಾಡು ಆ ನಾಲ್ವರದೇ. ಕನ್ನಡದ ಮಾತು ಬರೆಸಿದ್ದೀವಿ, ನೀವೂ ಹಾಡಿ ಕಳಿಸಿ, ಇನ್ನೂ ಕೆಲವರು ಕಳಿಸ್ತಾರೆ, ಯಾರದು ಅಂತ ಜಪಾನಿನವರೇ ಆರಿಸ್ತಾರೆ ಅಂದರು.

ಯಜಮಾನರು ಇದನ್ನ ಕೇಳಿ, "ಬಸವನುಳ ಮ್ಯಾಲೆ ಟಪಾಲು ಅಂಚುದ್ರೆ ಯುಗಾದಿ ಕಾಗ್ದ ದೀಪಾವಳಿಗೆ ಸಿಕ್ತದೆ" ಅಂದರು.

"ಅದಕ್ಕೇ ತಾತ ಮಜಾ. ಎಲ್ಲಾ ಕಾಗದಾನೂ ತಡವಾಗಿ ಹೋಗತ್ತೆ, ಆದ್ರೆ ಸರಿಯಾದ ಹೊತ್ತಿಗೆ ಸಿಕ್ಕಿರತ್ತೆ."

"ನಂಗೇನೋ ಅರ್ಥವಾಗ್ಲಿಲ್ಲ ಕೂಸೇ. ಹಾಡು, ಹಾಡು."

ನಮ್ಮ ಮನೆ ರೂಮಿನಲ್ಲೇ ಹಾಡಿ ಕಳಿಸಿದರು. ಮಾರನೇ ದಿನ ಆಫೀಸಿನವನು ಫೋನು ಮಾಡಿದ. ಮೊಮ್ಮಗಳು ಎಲ್ಲರಿಗೂ ಕೇಳೋ ಹಾಗೆ ಫೋನಿಟ್ಟಿದ್ದಳು. "ನೀವು ಚೆನ್ನಾಗಿ ಹಾಡಿದ್ದೀರ ಕಣಮ್ಮ. ಆದರೆ ನಿಮ್ಮ ರೂಮೂ ಜೊತೇಲಿ ಹಾಡ್ತಾ ಇದೆ, ಗೋಡೆಗೆ ಬಡಿದು ದನಿ ತಿರುಗಿ ಬರ್ತಿದೆ. ಅದನ್ನ ಸುಮ್ಮನಿರಿಸಿ ಇನ್ನೊಂದು ಸಲ ಕಳಿಸಿ. ಶನಿವಾರ ಐದು ಗಂಟೆಗೆ ಎಲ್ಲರದೂ ಜಪಾನಿಗೆ ಹೋಗಿಬಿಡುತ್ತೆ. ಆಮೇಲೆ ಬಂದಿದ್ದು ನಾನು ಇಟ್ಕೊಂಡು ಏನೂ ಮಾಡೋಕಾಗಲ್ಲ." ಸೊಸೆಯ ಕುಕ್ಕರಿನ ಎರಡು ಕೂಗೂ ಅದರಲ್ಲಿ ಸೇರಿತ್ತಂತೆ. ಸೊಸೆ ಎರಡು ದಿನ ಬೇಳೆಯನ್ನ ಪಾತ್ರೇಲೇ ಬೇಯಿಸಿದಳು.

ಮೈಸೂರಿನ ಸ್ಟುಡಿಯೋ ಕೇಳಿದರೆ ಆ ವಾರವೆಲ್ಲ ಖಾಲಿ ಇಲ್ಲ ಅಂದರು. ನಮ್ಮ ಹುಡುಗಿ ಮುಖ ಇಷ್ಟೇ ಇಷ್ಟಾಯಿತು. ನಾನು ಸಮಾಧಾನಕ್ಕೆ, ಇದಲ್ಲದಿದ್ದರೆ ಇನ್ನೊಂದು ಹಾಡು ಬುಡು ಮಗ ಅಂದೆ.

"ಇನ್ನೊಂದು ಇಲ್ಲ ಅಜ್ಜಿ. ಜೂನಿಗೆ ಪರೀಕ್ಷೆ ಮುಗಿಯತ್ತೆ. ಬೇಕರಿಯವಳು ಅಂಗಡೀಲಿ ಕೂರ್ತಾಳೆ, ಮೇಷ್ಟ್ರ ಮಗಳು ಬಿ.ಎಡ್‌ಗೆ ಹೋಗ್ತಾಳೆ, ನರಸೀಪುರದವಳಿಗೆ ಬಸ್ ಪಾಸೇ ಇರಲ್ಲ. ಇದು ಸಿಕ್ಕಿದ್ರೆ ಎಲ್ಲರ ಮನೇಲೂ ಹಾಡೋಕೆ ಬಿಡ್ತಾರೆ, ಗುಂಪು ಉಳಿಯತ್ತೆ. ಇಲ್ಲಾಂದ್ರೆ ಮುಗೀತು."

ನಾನು ಎದ್ದು ಕೋಣೆಗೆ ಹೋದೆ. ಸೋಮವಾರ ಹೆಮ್ಮರಗಾಲದಲ್ಲಿ ಒಂದು ದೊಡ್ಡ ಗೃಹಪ್ರವೇಶಕ್ಕೆ ಏಲಕ್ಕಿ ಬಾಳೆಹಣ್ಣು ಒಪ್ಪಿಕೊಂಡಿದ್ದೆ. ಅವತ್ತು ಗುರುವಾರ, ಗೊನೆ ಬಂದಿತ್ತು, ತೂಗುಹಾಕಿ ಎಲೆ ತುಂಬ್ತಾ ಇದ್ದೆ. ಮೊಮ್ಮಗಳು ಕಾಫಿ ತಂದು ಬಾಗಿಲಲ್ಲಿ ನಿಂತು "ಅಜ್ಜಿ" ಅಂದಳು. ಅಂದವಳು ಅಲ್ಲೇ ನಿಂತುಬಿಟ್ಟಳು. ಒಳಗೆ ಬಂದು ಇನ್ನೊಂದು ಸಲ "ಅಜ್ಜಿ" ಅಂದಳು. ಆಮೇಲೆ ಚಪ್ಪಾಳೆ ತಟ್ಟಿದಳು.

"ಏನಾಯ್ತೇ ನಿಂಗೆ? ಗಾಳಿ ಸೋಕ್ತಾ?"

"ಅಜ್ಜಿ, ಈ ಕೋಣೆ ಮಾತು ನುಂಗ್ತದೆ ನೋಡು. ಎದುರು ಮಾತೇ ಆಡಲ್ಲ."

ಸರಿಯೇ. ದಿನಾ ಒಳಗಿರೋ ನನಗೆ ಗೊತ್ತೇ ಆಗಿರಲಿಲ್ಲ. ಮಣ್ಣಿನ ಗೋಡೆ, ತುಂಬ ಗೊನೆ, ಮೊಳಕಾಲುದ್ದ ಒಣ ಎಲೆ. ಖಾಲಿ ಇದ್ದಾಗ ಅದೇ ಕೋಣೆ ಗುಂಯ್ ಅನ್ನುತ್ತೆ, ಗೊನೆ ತುಂಬಿದರೆ ಮೂಕ. ಹಂಗಾಗಿ ಹಾಡೋದಾದರೆ ಕಾಯಿ ತುಂಬಿದ ಮೇಲೆ, ಹೊಗೆ ಇಡೋಕೆ ಮುಂಚೆ. ಹೊಗೆ ಇಡೋದು ಶುಕ್ರವಾರ ಸಂಜೆ, ಅವತ್ತು ಮಧ್ಯಾಹ್ನ ಒಂದೇ ಹೊತ್ತು ಅದಕ್ಕೆ.

ಶುಕ್ರವಾರ ನಾಲ್ವರೂ ಬಂದರು. ಮೇಷ್ಟ್ರ ಮಗಳು ಅವರಣ್ಣನ ರೆಕಾರ್ಡರು ತಂದಿದ್ದಳು, ಸೋಪಿನ ಡಬ್ಬಿಯಷ್ಟಿತ್ತು. ಅದನ್ನ ಎಲ್ಲಿಡೋದು ಅಂತ ಯೋಚನೆ ಮಾಡಿದರು. ನಾನೇ ಬಾಳೆನಾರಿನಲ್ಲಿ ಕಟ್ಟಿ ನಡುಗೊನೆಯ ಕೊಕ್ಕೆಗೆ ತೂಗುಹಾಕಿಕೊಟ್ಟೆ. ನಾಲ್ವರೂ ಗೊನೆಗಳ ನಡುವೆ ತಲೆ ತೂರಿಸಿ ನಿಂತರು. ನಾನು ಹೊರಗೆ ಕಾವಲು, ಯಜಮಾನರು ಬೀದಿ ತುದೀಲಿ. ಒಂದು ಆಟೋ ಬಂತು. ಇವರು ಅಡ್ಡ ನಿಂತು, "ಐದು ನಿಮಿಷ ತಡ್ಕಳಪ್ಪ, ಒಳಗೆ ಜಪಾನು ನಡೀತಾ ಅದೆ" ಅಂದರು. ಆಟೋದವನು ಏನಂದ್ಕೊಂಡನೋ, ಹಿಂದಕ್ಕೆ ತಿರುಗಿಸ್ಕೊಂಡು ಹೋದ.

ಒಂದಲ್ಲ ಎರಡಲ್ಲ, ಏಳು ಸಲ ಹಾಡಿದರು. ಒಂದು ಸಲ ಸೀನು, ಒಂದು ಸಲ ನಗು, ಒಂದು ಸಲ ಬೇಕರಿ ಹುಡುಗಿ ಕತ್ತಿನ ಮೇಲೆ ಇರುವೆ. ಏಳನೇದು ಮುಗಿದಿದ್ದೇ ನಾಲ್ವರೂ ಒಟ್ಟಿಗೆ ಕಿರುಚಿಕೊಂಡು ಹೊರಗೆ ಬಂದರು. ಬಂತು ಅಜ್ಜಿ, ಬಂತು ಅಜ್ಜಿ. ಹೊತ್ತು ಮುಳುಗ್ತಾ ಇತ್ತು, ಮಡಕೇಲಿ ಬೆರಣಿ ಆಗಲೇ ಹೊಗೆಯಾಡ್ತಾ ಇತ್ತು. "ನಡೀರಿ ನಡೀರಿ, ಬಸ್ಸು ತಪ್ಪುತ್ತೆ" ಅಂತ ನಾನೇ ಅಟ್ಟಿದೆ. ಒಳಗೆ ಹೋಗಿ ಮಡಕೆ ಇಟ್ಟು, ಗೊನೆಗಳ ಮೇಲೆಲ್ಲ ಎಲೆ ಹೊದಿಸಿ, ಬಾಗಿಲು ಹಾಕಿ, ಸಂದಿಗೆ ಮಣ್ಣು ಮೆತ್ತಿ, ಕೈ ತೊಳೆದುಕೊಂಡು ಮನೆಗೆ ಬಂದು ಊಟ ಮಾಡಿ ನಿಶ್ಚಿಂತೆಯಿಂದ ಮಲಗಿದೆ.

ಶನಿವಾರ ಹನ್ನೆರಡು ಗಂಟೆಗೆ ಗೊತ್ತಾಯಿತು. ರೆಕಾರ್ಡರು ಮೇಷ್ಟ್ರ ಮಗಳ ಚೀಲದಲ್ಲಿದೆ ಅಂತ ಮೊಮ್ಮಗಳು, ಇವಳ ಚೀಲದಲ್ಲಿದೆ ಅಂತ ಅವಳು ಅಂದ್ಕೊಂಡಿದ್ದರು. ಎರಡು ಚೀಲದಲ್ಲೂ ಇಲ್ಲ. ಬಾಳೆನಾರು ಕಟ್ಟಿದ್ದು ನಾನು, ಎಲೆ ಹೊದಿಸಿದ್ದೂ ನಾನು. ಹಾಡನ್ನೂ ಸೇರಿಸಿ ಹೊಗೆ ಹಾಕಿ, ಮಣ್ಣು ಮೆತ್ತಿ ಬಂದಿದ್ದೆ.

ಮೊಮ್ಮಗಳು ಬಾಗಿಲು ತೆಗಿ ಅಂತ ಕೇಳಲಿಲ್ಲ. ಕೇಳಿದ್ದರೆ ನನಗೆ ಬೈಯೋಕಾದರೂ ಒಂದು ದಾರಿ ಇತ್ತು. ಕೋಣೆ ಮುಂದೆ ಕಟ್ಟೆ ಮೇಲೆ ಕೂತು, "ಬೇಡ ಅಜ್ಜಿ. ಹೆಮ್ಮರಗಾಲದೋರ ಮನೆ ಒಕ್ಕಲು. ನಿನ್ನ ಹೆಸರು ಹೋಗ್ತದೆ" ಅಂದಳು. ಅಂದವಳು ಬಾಗಿಲ ಮಣ್ಣಿನ ಕಡೆ ನೋಡ್ತಾ ಕೂತಳು. ಆ ಮಣ್ಣಿನ ಮೇಲೆ ನನ್ನ ಐದು ಬೆರಳಿನ ಗುರುತು ಹಂಗೇ ಇತ್ತು.

ಒಂದು ಗಂಟೆಯ ತನಕ ನಾನೂ ಕೂತಿದ್ದೆ. ಸುಳ್ಳು ಹೇಳಲ್ಲ, ಹಣ್ಣಿನ ಕಡೆಗೇ ಮನಸ್ಸು ಎಳೀತಾ ಇತ್ತು. ಆಮೇಲೆ ಜಪಾನಿನ ಆ ಗಂಟಲು ಹೋದವಳು ನೆನಪಾದಳು. ಅವಳಿಗೋಸ್ಕರ ಮೂರು ಜನ ಎರಡು ವರ್ಷ ಅರ್ಧಂಬರ್ಧ ಹಾಡು ಹಾಡಿದರಲ್ಲ. ನಂದು ಒಂದು ಕೋಣೆ ಹಣ್ಣು. ಎದ್ದು ಹಾರೆ ತಗೊಂಡೆ.

ಯಜಮಾನರು ಗಾಬರಿಯಾಗಿ ಬಂದರು. "ಏನೇ ಇದು? ಎಮ್ಮರಗಾಲದೋರಿಗೆ ಏನ್ ಹೇಳೀಯೆ?"

"ನೀವ್ಯಾಕ್ರೀ ಇರೋದು? ನೀವೇ ಹೇಳಿ."

"ನಾನಾ? ನಾನು ಗಾಡಿ ಕಣೇ. ಕೋಣೆ ನಿಂದು ಅಂತ ಊರಿಗೆಲ್ಲ ಹೇಳ್ಕೊಂಡಿದ್ದೀಯ."

ಮಣ್ಣು ಒಡೆದೆ. ಕಾವು ಮುಖಕ್ಕೆ ಹೊಡೀತು. ಸೆರಗನ್ನ ಮೂಗಿಗೆ ಕಟ್ಕೊಂಡು, ಟಾರ್ಚು ಹಿಡಿದು ಒಳಗೆ ಹೋದೆ. ಹೊಗೇಲಿ ಕಣ್ಣು ಕಾಣಲ್ಲ, ಕೈಯಲ್ಲೇ ಗೊನೆ ಎಣಿಸ್ಕೊಂಡು ನಡುಕೊಕ್ಕೆಗೆ ಹೋದೆ. ಸಿಕ್ಕಿತು. ಮುಟ್ಟಿದರೆ ಹಸುಗೂಸಿನ ಹಾಗೆ ಬೆಚ್ಚಗಿತ್ತು. ಹೊರಗೆ ತಂದು ನೋಡಿದರೆ ಅದರ ಕಣ್ಣು ಆರಿಹೋಗಿದೆ, ಯಾವ ಗುಂಡಿ ಒತ್ತಿದರೂ ಉಸಿರಿಲ್ಲ. ಮೇಷ್ಟ್ರ ಮಗಳು ಮಾತ್ರ ಉಗುರಿನಿಂದ ಅದರ ಹೊಟ್ಟೆ ತೆಗೆದು ಒಂದು ಚಿಕ್ಕ ಬಿಲ್ಲೆ ಈಚೆಗೆ ತೆಗೆದಳು, ಹುಣಸೆಬೀಜಕ್ಕಿಂತ ಚಿಕ್ಕದು. ಹಾಡೆಲ್ಲ ಅದರಲ್ಲಿರುತ್ತಂತೆ. ಅದನ್ನ ಕಂಪ್ಯೂಟರಿಗೆ ಚುಚ್ಚಿದರು. ಅಷ್ಟೊತ್ತಿಗೆ ನಾಲ್ವರೂ ಬಂದು ಸುತ್ತ ನಿಂತಿದ್ದರು. ಹಾಡು ಬಂತು. ಏಳನೇದು, ಪೂರ್ತಿ, ಸೀನಿಲ್ಲ, ನಗುವಿಲ್ಲ.

ಹಾಡಿನ ಹಿಂದೆಯೇ ಇನ್ನೊಂದು ದನಿ ಬಂತು. ಯಂತ್ರಾನ ಯಾರೂ ಆರಿಸಿರಲಿಲ್ಲ, ಅದು ನನ್ನನ್ನೂ ಹಿಡ್ಕೊಂಡಿತ್ತು. ಹೊಗೆ ಇಡುವಾಗ ನಾನು ಕಾಯಿಗಳ ಹತ್ತಿರ ಮಾತಾಡ್ತೀನಿ, ಅದು ಯಾರಿಗೂ ಗೊತ್ತಿರಲಿಲ್ಲ. "ಒಳ್ಳೇ ಮನೆಗೆ ಓಯ್ತಿದ್ದೀರಿ, ಮಾನ ಕಳೀಬ್ಯಾಡಿ. ಏಯ್ ಮೂಲೆಯವ್ಳೇ, ಓದ್ಸಲ ನೀನೇ ಅಲ್ವಾ ಹುಳಿ ಉಳ್ಕಂಡಿದ್ದು" ಅಂತ ನನ್ನ ದನಿ. ಹುಡುಗಿಯರು ನಕ್ಕು ನಕ್ಕು ನೆಲಕ್ಕೆ ಬಿದ್ದರು. ಇಷ್ಟು ವರ್ಷ ಜೊತೇಲಿ ಬಾಳಿದ ನಮ್ಮ ಯಜಮಾನರೂ, "ನನ್ನ ಕೂಡೆ ಯಾವತ್ತಾದ್ರೂ ಇಷ್ಟು ನೈಸಾಗಿ ಮಾತಾಡಿದ್ದೀಯೇನೇ" ಅಂದರು. ನನ್ನದನ್ನ ಕತ್ತರಿಸಿ ತೆಗೆದು ನಾಲ್ಕು ಗಂಟೆಗೆಲ್ಲ ಹಾಡು ಕಳಿಸಿದರು. ತಲುಪಿತು ಅಂತ ಆಫೀಸಿನವನ ಫೋನೂ ಬಂತು. "ಎಲ್ಲಮ್ಮ ಹಾಡಿದಿರಿ, ಯಾವ ಸ್ಟುಡಿಯೋ?" ಅಂತ ಕೇಳಿದ. ಮೊಮ್ಮಗಳು, "ನಮ್ಮಜ್ಜಿ ಸ್ಟುಡಿಯೋ ಸರ್" ಅಂದಳು.

ಹಣ್ಣು ಮಾತ್ರ ಕೆಟ್ಟಿತು. ಮತ್ತೆ ಹೊಗೆ ಇಟ್ಟು ಮುಚ್ಚಿದೆ, ಏನೂ ಉಪಯೋಗ ಆಗಲಿಲ್ಲ. ಭಾನುವಾರ ತೆಗೆದರೆ ತುದಿ ಹಳದಿ, ತೊಟ್ಟು ಹಸಿರು, ಮುಟ್ಟಿದರೆ ಕಲ್ಲು. ಮಾರನೇ ದಿನ ಗೃಹಪ್ರವೇಶ. ಇನ್ನು ಅಷ್ಟು ಹಣ್ಣು ಒಟ್ಟಿಗೆ ಸಿಗೋದು ಸುತ್ತಮುತ್ತ ಒಂದೇ ಕಡೆ. ಗಾಡೀಲಿ ಕೂತು ನರಸೀಪುರಕ್ಕೆ, ಆ ದಪ್ಪ ಗಂಟಲಿನವಳ ಅಪ್ಪನ ಹತ್ತಿರ ಹೋದೆ. ಸುತ್ತೂರು ದಾಟೋ ತನಕ ಏನು ಹೇಳಲಿ ಅಂತ ಬಾಯಿಪಾಠ ಮಾಡ್ಕೊಂಡೆ.

ಅವನು ಖುರ್ಚಿ ಹಾಕಿಸಿ, ಎಳನೀರು ಕೊಡಿಸಿ, ಮೆಲ್ಲಗೆ ಕೇಳಿದ. "ಏನಜ್ಜಿ, ನಮ್ಮ ಐಸ್‌ಪೆಟ್ಟಿಗೆ ತಂಕ ಬಂದುಬುಟ್ರಿ?"

ಅವನಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು.

"ಬಂದೆ ಕಣಪ್ಪ. ನಿನ್ನ ಮಗಳ ಗಂಟಲು ಈಚೆಗೆ ತೆಗೆಯೋಕೆ ಓಗಿ ನನ್ನ ಹಣ್ಣು ಕೆಡ್ತು. ಈಗ ನೀನೇ ಮಾನ ಉಳಿಸ್ಬೇಕು."

"ಅವಳು ಎಲ್ಲಾ ಹೇಳವ್ಳೆ. ನೀವು ಬರ್ತೀರಿ ಅಂತ ಬೆಳಗ್ಗೇನೆ ಎತ್ತಿ ಮಡಗಿವ್ನಿ. ಒಂದು ತಿಂದು ನೋಡಿ ತಗಂಡೋಗಿ. ಚಪ್ಪೆ ಅಂದೀರಿ ಆಮ್ಯಾಕೆ."

ತಿಂದೆ. ಏನು ಹೇಳಲಿ, ಚೆನ್ನಾಗೇ ಇತ್ತು. ಅವನ ಮುಖಕ್ಕೇ ಹೇಳಿದೆ. ಆಮೇಲೆ ಹೆಮ್ಮರಗಾಲಕ್ಕೆ ನಾನೇ ಹೋಗಿ, ಇದು ನನ್ನ ಕೋಣೆ ಹಣ್ಣಲ್ಲ, ನರಸೀಪುರದ್ದು, ನಂದು ಹಿಂಗಿಂಗಾಯ್ತು ಅಂತ ಇದ್ದಿದ್ದು ಇದ್ದ ಹಾಗೆ ಹೇಳಿ ಇಳಿಸಿ ಬಂದೆ. ಆ ಮನೆಯಾಕೆ ಹಣ್ಣು ನೋಡೋದು ಬಿಟ್ಟು, "ಯಾವ ಕಾರ್ಟೂನಜ್ಜಿ? ನಮ್ಮ ಹೈದ ಕಾರ್ಟೂನೇ ನೋಡ್ತಾನೆ ದಿನವಿಡೀ" ಅಂತ ಹಾಡಿನ ವಿಚಾರವೇ ಕೇಳಿದಳು.

ಆ ವಾರದ ಗುರುವಾರ ಬೆಳಗ್ಗೆ ಆಫೀಸಿನವನ ಫೋನು. ಜಪಾನಿನ ನಾಲ್ವರೂ ಎಲ್ಲರ ಹಾಡೂ ಕೇಳಿದರಂತೆ. ಅವರಲ್ಲಿ ದಪ್ಪ ಗಂಟಲಿನವಳು, ಈ ಗುಂಪಿನಲ್ಲಿ ಕೆಳಗಿನ ದನೀಲಿ ಹಾಡೋಳು ಯಾರು ಅಂತ ವಿಚಾರಿಸಿದಳಂತೆ. ಇನ್ನು ಸ್ಟುಡಿಯೋದಲ್ಲಿ ಸರಿಯಾಗಿ ಹಾಡಿಸ್ತೀವಿ, ನಾಲ್ವರೂ ಬನ್ನಿ, ಮುಂದಿನ ಕಾರ್ಟೂನಿಗೂ ನೀವೇ ಅಂದ. ನರಸೀಪುರದವಳಿಗೆ ಇದನ್ನ ಹೇಳಿದಾಗ ಅವಳು ಬಸ್ಸಿನಲ್ಲಿದ್ದಳು. ಅವಳು ಅತ್ತಿದ್ದು ನೋಡಿ ಕಂಡಕ್ಟರು ಯಾರೋ ಸತ್ತರು ಅಂತ ಬಸ್ಸು ನಿಲ್ಲಿಸಿದನಂತೆ.

ಅವತ್ತು ಸಂಜೆ ಮನೇಲಿ ಒತ್ತುಶ್ಯಾವಿಗೆ. ಸೊಸೆ ಹಿಟ್ಟು ಬೇಯಿಸಿದಳು, ನನ್ನ ಮಗ ಶ್ಯಾವಿಗೆ ಒತ್ತೋ ಒರಳಿನ ಒಂದು ಕಡೆ, ಯಜಮಾನರು ಇನ್ನೊಂದು ಕಡೆ ಒತ್ತಿದರು. ನಾನು ಕಾಯಿಹಾಲಿಗೆ ಬೆಲ್ಲ, ಏಲಕ್ಕಿ ಹಾಕಿದೆ. ನಾಲ್ಕು ಹುಡುಗಿಯರೂ ಬಂದಿದ್ದರು. ಹಜಾರದಲ್ಲಿ ಸಾಲಾಗಿ ಎಲೆ ಹಾಕಿದ್ವಿ. ಸೊಸೆ ಬಡಿಸ್ತೀನಿ ಅಂತ ನಿಂತೇ ಇದ್ದಳು, ಮೊಮ್ಮಗಳು ಕೈ ಹಿಡಿದು ಕೂರಿಸಿ, ಪಾತ್ರೆಗಳನ್ನೆಲ್ಲ ನಡುವೆ ಎಳೆದಿಟ್ಟು, ಬೇಕಾದ್ದು ಬೇಕಾದೋರು ಹಾಕ್ಕೊಳ್ಳಿ ಅಂದಳು. ಒಂದು ತಿಂಗಳಿಂದ ಗಂಟಲಿಗೆ ಆಗಲ್ಲ ಅಂತ ಹುಳಿ, ಮೊಸರು, ಕರಿದಿದ್ದು ಯಾವುದೂ ಮುಟ್ಟದ ನಮ್ಮ ಹುಡುಗಿ, ಹಪ್ಪಳದ ಬುಟ್ಟಿಯನ್ನ ಮಡಿಲಲ್ಲೇ ಇಟ್ಕೊಂಡಿದ್ದಳು.

ಯಜಮಾನರು, "ಒಂದ್ಸಲ ಹಾಡ್ರವ್ವ, ನಾನು ಬೀದಿ ಕಾದಿದ್ದೇ ಆಯ್ತು, ಎದುರಿಗೆ ಕೂತು ಕೇಳಿಲ್ಲ" ಅಂದರು.

ಮೊಮ್ಮಗಳ ಬಾಯಿ ತುಂಬ ಶ್ಯಾವಿಗೆ. ಒಂದು ಕೈಯೆತ್ತಿ ತಡೀರಿ ಅಂತ ಸನ್ನೆ ಮಾಡಿದಳು, ಇನ್ನೊಂದು ಕೈಯಲ್ಲಿ ಕಾಯಿಹಾಲಿನ ಪಾತ್ರೆ ತನ್ನ ಕಡೆಗೆ ಎಳ್ಕೊಂಡಳು.